ಬಂದ ಹುಡುಗ, ಬಂದ ಬಸ್ಸು: ಹೂ, ವಿಚ್, ದ್ಯಾಟ್ ಬಗ್ಗೆ ಕಲಬುರಗಿಯಲ್ಲಿ ಆಡಿದ ಮಾತು

ಕಲಬುರಗಿಯಲ್ಲಿ ಇಂಗ್ಲಿಷ್ ಶಿಕ್ಷಕರು, ಪದವಿ ವಿದ್ಯಾರ್ಥಿಗಳು ಮತ್ತು ನೌಕರಿ ಪರೀಕ್ಷೆಗೆ ಓದುತ್ತಿರುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಕೆಲವು ಸಣ್ಣ ಪದಗಳ ಬಗ್ಗೆ. ಹೂ, ಹೂಮ್, ಹೂಜ್, ವಿಚ್, ದ್ಯಾಟ್. ಇಂಗ್ಲಿಷ್ ವ್ಯಾಕರಣದಲ್ಲಿ ಇವಕ್ಕೆ ರಿಲೇಟಿವ್ ಪ್ರೊನೌನ್ ಅನ್ನುತ್ತಾರೆ. ನಮ್ಮ ಗೈಡುಗಳಲ್ಲಿ ಇದರ ಪಾಠ ಒಂದೇ ಸಾಲಿಗೆ ಮುಗಿದುಹೋಗುತ್ತದೆ: ಮನುಷ್ಯರಿಗೆ ಹೂ, ವಸ್ತುಗಳಿಗೆ ವಿಚ್, ಎರಡಕ್ಕೂ ದ್ಯಾಟ್. ಆಮೇಲೆ ಖಾಲಿ ಜಾಗ ತುಂಬಿ ಅಂತ ಅಭ್ಯಾಸ. ಮಕ್ಕಳು ತುಂಬುತ್ತಾರೆ, ಅಂಕವೂ ಬರುತ್ತದೆ. ಅದೇ ಮಕ್ಕಳಿಗೆ ನಿಮ್ಮೂರಿನ ಬಗ್ಗೆ ಸ್ವಂತವಾಗಿ ನಾಲ್ಕು ಸಾಲು ಬರೆಯಿರಿ ಅನ್ನಿ. ಅಲ್ಲಿ ಹೂ ಬರುವುದೇ ಇಲ್ಲ. ಬಂದರೂ ಬರಬಾರದ ಕಡೆ ಬಂದು ಕೂತಿರುತ್ತದೆ.

ಇದು ಯಾಕೆ ಹೀಗೆ ಅನ್ನುವುದಕ್ಕೆ ನನ್ನ ಉತ್ತರ ಇಷ್ಟು. ಈ ಪಾಠಕ್ಕೆ ಬೇಕಾದ ಅರ್ಧ ತಿಳಿವಳಿಕೆಯನ್ನು ಮಗು ಮನೆಯಿಂದಲೇ ತಂದಿರುತ್ತದೆ. ಯಾವ ಅರ್ಧ ತಂದಿದೆ, ಯಾವ ಅರ್ಧ ತಂದಿಲ್ಲ ಅಂತ ನಾವು ಕೇಳಿ ನೋಡುವುದಿಲ್ಲ. ಇರುವುದನ್ನೇ ಮತ್ತೆ ಮತ್ತೆ ಕಲಿಸುತ್ತೇವೆ, ಇಲ್ಲದ್ದನ್ನು ಕಲಿಸದೆ ಬಿಡುತ್ತೇವೆ.

ಕನ್ನಡದಿಂದಲೇ ಹೊರಡೋಣ. ನಿನ್ನೆ ಬಂದ ಹುಡುಗ. ನಿನ್ನೆ ಬಂದ ಬಸ್ಸು. ಎರಡರಲ್ಲೂ 'ಬಂದ' ಒಂದೇ. ಮೊದಲು ವಿವರ ಬರುತ್ತದೆ, ಆಮೇಲೆ ಹೆಸರು ಬರುತ್ತದೆ. ಎರಡನ್ನೂ ಜೋಡಿಸಲು ಬೇರೆ ಪದವೇ ಬೇಕಿಲ್ಲ. ಇಂಗ್ಲಿಷಿನಲ್ಲಿ ಇದು ಪೂರ್ತಿ ತಿರುವುಮುರುವು. 'ದಿ ಬಾಯ್ ಹೂ ಕೇಮ್ ಯೆಸ್ಟರ್‌ಡೇ.' 'ದಿ ಬಸ್ ವಿಚ್ ಕೇಮ್ ಯೆಸ್ಟರ್‌ಡೇ.' ಮೊದಲು ಹೆಸರು, ಹಿಂದಿನಿಂದ ವಿವರ, ನಡುವೆ ಒಂದು ಪದ. ವಾಡಿ ಜಂಕ್ಷನ್‌ನಲ್ಲಿ ಡಬ್ಬಿಗೆ ಡಬ್ಬಿ ಸೇರಿಸುವ ಕೊಂಡಿ ನೋಡಿದ್ದೀರಲ್ವಾ? ಹೂ, ವಿಚ್ ಮಾಡುವ ಕೆಲಸ ಅದೇ. ಇನ್ನು ಮುಂದೆ ಇವನ್ನು ಕೊಂಡಿ ಅಂತಲೇ ಕರೆಯುತ್ತೇನೆ.

ಹಾಗಂತ ಕನ್ನಡದಲ್ಲಿ ಮನುಷ್ಯರು ಬೇರೆ, ವಸ್ತು ಬೇರೆ ಎಂಬ ಭೇದ ಇಲ್ಲ ಅಂತ ತಿಳಿಯಬೇಡಿ. ಅದು ಬೇರೆ ಕಡೆ ಇದೆ. ಹುಡುಗ ಬಂದನು, ಹುಡುಗಿ ಬಂದಳು, ಬಸ್ಸು ಬಂದಿತು. ಬಂದವನು, ಬಂದವಳು, ಬಂದದ್ದು. ಬಾಗಿಲಲ್ಲಿ ಸಪ್ಪಳವಾದರೆ 'ಯಾರು ಬಂದರು?' ಅನ್ನುತ್ತೇವೆ, ಬೀದಿಯಲ್ಲಿ ಹಾರ್ನ್ ಆದರೆ 'ಯಾವುದು ಬಂತು?' ಅನ್ನುತ್ತೇವೆ. ಶಾಲೆಗೆ ಕಾಲಿಡುವ ಮುಂಚೆಯೇ ಮಕ್ಕಳಿಗೆ ಇದು ಬಾಯಲ್ಲಿ ನೆಲೆಸಿರುತ್ತದೆ. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡದ ಲಿಂಗವನ್ನು ವಿವರಿಸಿದ್ದೂ ಹೆಚ್ಚುಕಡಿಮೆ ಹೀಗೇ: ಗಂಡಸರದ್ದು ಒಂದು, ಹೆಂಗಸರದ್ದು ಒಂದು, ಮಿಕ್ಕದ್ದೆಲ್ಲ ಮತ್ತೊಂದು. ಅಂದರೆ ಹೂ ಯಾರಿಗೆ, ವಿಚ್ ಯಾವುದಕ್ಕೆ ಎಂಬ ಪಾಠ ನಮ್ಮ ಮಕ್ಕಳಿಗೆ ಹೊಸದಲ್ಲವೇ ಅಲ್ಲ. ಅವರಿಗೆ ಹೊಸದು ಕೊಂಡಿ. ಹೆಸರಿನ ಹಿಂದೆ ವಿವರ ಹಾಕುವುದು ಹೊಸದು. ನಾವು ಪಾಠವೆಲ್ಲ ಮೊದಲನೆಯದಕ್ಕೇ ಖರ್ಚು ಮಾಡುತ್ತೇವೆ.

ಕಲಬುರಗಿ, ಬೀದರ, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಎಲ್ಲರ ಮನೆಮಾತು ಕನ್ನಡವಲ್ಲ. ಅದನ್ನು ತೊಂದರೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಂದೇ ತರಗತಿಯಲ್ಲಿ ನಾಲ್ಕು ಭಾಷೆ ಕೂತಿರುವುದು ಈ ಪಾಠಕ್ಕಂತೂ ದೊಡ್ಡ ಅನುಕೂಲ. ಬೀದರ ಕಡೆ, ಭಾಲ್ಕಿ, ಔರಾದ, ಬಸವಕಲ್ಯಾಣದಲ್ಲಿ ಮರಾಠಿ ಆಡುವ ಮನೆಗಳಿವೆ. ಮರಾಠಿಯಲ್ಲಿ ಇಂಗ್ಲಿಷಿನ ಹಾಗೆಯೇ ಕೊಂಡಿಪದ ಇದೆ: ಜೋ ಮುಲ್ಗಾ, ಜೀ ಮುಲ್ಗೀ, ಜೇ ಪುಸ್ತಕ್. ಆದರೆ ಅದು ಪದದ ಲಿಂಗ ನೋಡಿ ಬದಲಾಗುತ್ತದೆ. ಮರಾಠಿಯಲ್ಲಿ ಬಸ್ಸೂ ಸ್ತ್ರೀಲಿಂಗವೇ, ಹಾಗಾಗಿ ಹುಡುಗಿಗೂ ಬಸ್ಸಿಗೂ ಒಂದೇ 'ಜೀ'. ಪುಸ್ತಕದ ಉರ್ದು ಓದುವ ಮಕ್ಕಳಿಗೆ 'ಜೋ' ಗೊತ್ತು, ಅದು ಮನುಷ್ಯರಿಗೂ ವಸ್ತುವಿಗೂ ಒಂದೇ. ಅವರ ಬೀದಿಯ ಮಾತು ದಖನಿ ಮಾತ್ರ ಬೇರೆಯೇ ದಾರಿ ಹಿಡಿದಿದೆ. 'ಮೈ ಬೋಲಾ ಸೋ ಬಾತ್' ಅನ್ನುತ್ತಾರೆ. ಕಿವಿಗೊಟ್ಟು ಕೇಳಿ: ನಾನು ಹೇಳಿದ ಮಾತು. ಕನ್ನಡದ್ದೇ ಕ್ರಮ! ಶತಮಾನಗಳ ಕಾಲ ಕನ್ನಡ, ತೆಲುಗಿನ ಪಕ್ಕದಲ್ಲಿ ಬದುಕಿದ ಭಾಷೆ ಹೀಗೆ ತಿರುಗಿಕೊಂಡಿದೆ. ಗುರುಮಠಕಲ್, ಸೇಡಂ ಕಡೆಯ ತೆಲುಗು ಮನೆಗಳ ಮಕ್ಕಳೂ ನಮ್ಮ ಹಾಗೇ, 'ವಚ್ಚಿನ ಅಬ್ಬಾಯಿ, ವಚ್ಚಿನ ಬಸ್ಸು'.

ಹಾಗಾದರೆ ನೋಡಿ, ಮರಾಠಿ ಮತ್ತು ಉರ್ದು ಓದಿದ ಮಗುವಿಗೆ ಕೊಂಡಿ ಗೊತ್ತು, ಮನುಷ್ಯ ಮತ್ತು ವಸ್ತುವಿನ ಭೇದವನ್ನು ಕೊಂಡಿಯಲ್ಲಿ ತೋರಿಸುವುದು ಗೊತ್ತಿಲ್ಲ. ಕನ್ನಡದ ಮಗುವಿಗೆ ಆ ಭೇದ ಚೆನ್ನಾಗಿ ಗೊತ್ತು, ಕೊಂಡಿ ಗೊತ್ತಿಲ್ಲ. ಇವರಿಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಒಬ್ಬರಿಗೊಬ್ಬರು ಹೇಳಿಕೊಡಲು ಬಿಡಿ. ನಾನು ಮಾಡಿಸಿದ್ದೇನೆ, ತುಂಬ ಚೆನ್ನಾಗಿ ನಡೆಯುತ್ತದೆ.

ಈಗ ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ಮಕ್ಕಳ ನೋಟ್‌ಬುಕ್ಕಿನಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದು:

'ದಿ ಬುಕ್ ವಿಚ್ ಐ ಬಾಟ್ ಇಟ್ ಇನ್ ಸೂಪರ್ ಮಾರ್ಕೆಟ್ ಈಸ್ ಲಾಸ್ಟ್.'

ಸೂಪರ್ ಮಾರ್ಕೆಟ್ ಎಂಬ ನಮ್ಮೂರ ಪೇಟೆಯಲ್ಲಿ ತಗೊಂಡ ಪುಸ್ತಕ ಕಳೆದುಹೋಗಿದೆ ಅಂತ ಹೇಳಬೇಕಿತ್ತು. ವಿಚ್ ಸರಿಯಾಗೇ ಇದೆ. ತಪ್ಪಿರುವುದು 'ಇಟ್'ನಲ್ಲಿ. ಹೆಚ್ಚಿನವರು ಇದಕ್ಕೆ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಾರೆ. ಮಗುವಿಗೆ ಯಾಕೆ ಅಂತ ತಿಳಿಯುವುದಿಲ್ಲ. ಹೀಗೆ ಮಾಡಿ. ಬೋರ್ಡಿನ ಮೇಲೆ ಎರಡು ವಾಕ್ಯ ಬರೆಯಿರಿ. ಒಂದು, 'ದಿ ಬುಕ್ ಈಸ್ ಲಾಸ್ಟ್.' ಎರಡು, 'ಐ ಬಾಟ್ ಇಟ್ ಇನ್ ಸೂಪರ್ ಮಾರ್ಕೆಟ್.' ಎರಡನೆಯದರಲ್ಲಿ ಪುಸ್ತಕದ ಬದಲು ನಿಂತಿರುವ ಪದ ಯಾವುದು? ಇಟ್. ಅದನ್ನು ಒರೆಸಿ. ಅದರ ಜಾಗದಲ್ಲಿ ವಿಚ್ ಬರೆಯಿರಿ. ಈಗ ಆ ವಿಚ್ ಅನ್ನು ವಾಕ್ಯದ ತಲೆಗೆ ತನ್ನಿ: 'ವಿಚ್ ಐ ಬಾಟ್ ಇನ್ ಸೂಪರ್ ಮಾರ್ಕೆಟ್.' ಇಡೀ ತುಂಡನ್ನು ಎತ್ತಿ 'ಬುಕ್' ಪಕ್ಕದಲ್ಲಿ ಇಡಿ. 'ಇಟ್' ಎಲ್ಲಿ ಹೋಯಿತು ಅಂತ ಮಕ್ಕಳನ್ನೇ ಕೇಳಿ. ಅದೇ ವಿಚ್ ಆಯಿತು ಸರ್ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಒಬ್ಬರೇ ಇಬ್ಬರಾಗಿ ಕೂರುವ ಹಾಗಿಲ್ಲ ಅಂತ ಅವರಿಗೇ ಹೊಳೆಯುತ್ತದೆ. 'ದಿ ಬಾಯ್ ಹೂ ಹಿ ಕೇಮ್' ಎಂಬ ತಪ್ಪೂ ಇದೇ ಒರೆಸುವ ಕೆಲಸದಿಂದ ಹೋಗುತ್ತದೆ.

ಇನ್ನೊಂದು ತಪ್ಪಿನ ಮೂಲ ನಮ್ಮ ಒಳ್ಳೆಯ ಕನ್ನಡದಲ್ಲೇ ಇದೆ. 'ಯಾರು ತಡವಾಗಿ ಬರುತ್ತಾರೋ ಅವರಿಗೆ ದಂಡ.' ಎಷ್ಟು ಚೆಂದದ ವಾಕ್ಯ. ಉರ್ದುವಿನಲ್ಲೂ 'ಜೋ... ವೋ' ಅಂತ ಇದೇ ಅಚ್ಚು ಇದೆ. ಆದ್ದರಿಂದ ನಮ್ಮ ಕಡೆ ನೋಟಿಸ್ ಬೋರ್ಡುಗಳಲ್ಲಿ 'ಹೂ ಕಮ್ಸ್ ಲೇಟ್, ದೇ ವಿಲ್ ಬಿ ಫೈನ್ಡ್' ಅಂತ ಕಾಣಿಸುತ್ತದೆ. ಇಂಗ್ಲಿಷಿನ ಹೂ ಒಂಟಿಯಾಗಿ ವಾಕ್ಯ ಶುರು ಮಾಡಿದರೆ ಅದು ಪ್ರಶ್ನೆ ಆಗಿಬಿಡುತ್ತದೆ. ಅದಕ್ಕಿಂತ ಮುಂಚೆ ಒಂದು ಹೆಸರು ಬೇಕು. 'ದೋಸ್ ಹೂ ಕಮ್ ಲೇಟ್', ಇಲ್ಲವೇ 'ಎನಿವನ್ ಹೂ ಕಮ್ಸ್ ಲೇಟ್'. 'ಅವನು ಹೇಳಿದ್ದೆಲ್ಲ' ಅನ್ನುವುದಕ್ಕೆ 'ಆಲ್ ವಾಟ್ ಹಿ ಸೆಡ್' ಅಂತ ಬರೆಯುವುದೂ ಇದೇ ಜಾತಿಯ ತಪ್ಪು. ಅಲ್ಲಿ ವಾಟ್ ಬರುವುದಿಲ್ಲ, 'ಆಲ್ ದ್ಯಾಟ್ ಹಿ ಸೆಡ್'.

ಈಗ ಮನುಷ್ಯರು ಯಾರು, ವಸ್ತು ಯಾವುದು ಎಂಬ ಪ್ರಶ್ನೆಗೆ ಬರುತ್ತೇನೆ. ಸುಲಭ ಅನಿಸುತ್ತದೆ ಅಲ್ವಾ? ಕನ್ನಡಕ್ಕೂ ಇಂಗ್ಲಿಷಿಗೂ ಗೆರೆ ಒಂದೇ ಕಡೆ ಬೀಳುವುದಿಲ್ಲ ಎಂಬುದೇ ಇಲ್ಲಿನ ತೊಡಕು.

ಮಗುವನ್ನೇ ತೆಗೆದುಕೊಳ್ಳಿ. ಮಗು ಅತ್ತಿತು, ಕೂಸು ಮಲಗಿತು. ಮಾತು ಶುರು ಮಾಡುವಾಗ ನಾನೂ 'ಮಗು ತಂದಿರುತ್ತದೆ' ಅಂದೆ. ಕನ್ನಡದಲ್ಲಿ ಮಗು ನಪುಂಸಕ. ಅದರಲ್ಲಿ ಅಗೌರವ ಇಲ್ಲ, ಪ್ರೀತಿಯೇ ಇದೆ. ಮನೆಮಾತಿನಲ್ಲಿ ಸಣ್ಣ ಹುಡುಗಿಗೂ 'ಅದು ಬಂತು ನೋಡು' ಅನ್ನುವುದುಂಟು. ಆದರೆ ಇದೇ ಅಭ್ಯಾಸದಲ್ಲಿ ವಿದ್ಯಾರ್ಥಿ ಶರಣಬಸವೇಶ್ವರ ಜಾತ್ರೆಯ ಬಗ್ಗೆ ಬರೆಯುವಾಗ 'ವಿ ಸಾ ಎ ಚೈಲ್ಡ್ ವಿಚ್ ವಾಸ್ ಕ್ರೈಯಿಂಗ್' ಅಂತ ಬರೆದುಬಿಡುತ್ತಾನೆ. ಇಂದಿನ ಇಂಗ್ಲಿಷಿನಲ್ಲಿ ಇದು ಓದುವವರಿಗೆ ಚುಚ್ಚುತ್ತದೆ. ಮಗು ಎಷ್ಟೇ ಚಿಕ್ಕದಿರಲಿ, ಹುಟ್ಟಿ ಒಂದು ದಿನವಾಗಿರಲಿ, ಅಲ್ಲಿ ಹೂ.

ಇಂಗ್ಲಿಷರೂ ಯಾವಾಗಲೂ ಹೀಗೇ ಇರಲಿಲ್ಲ. 1795ರಲ್ಲಿ ಲಿಂಡ್ಲಿ ಮರ್ರೆ ಬರೆದ ಇಂಗ್ಲಿಷ್ ವ್ಯಾಕರಣ ಬಹಳ ಕಾಲ ಶಾಲೆಗಳನ್ನು ಆಳಿತು. ಆ ಮನುಷ್ಯ ಹೇಳಿದ್ದೇನು ಗೊತ್ತಾ? ಚಿಕ್ಕ ಮಕ್ಕಳನ್ನು ನಾವು ವ್ಯಕ್ತಿಗಳೆಂದು ಅಷ್ಟಾಗಿ ಎಣಿಸುವುದಿಲ್ಲ, ಅವರಿಗೆ ವಿವೇಚನೆ ಇನ್ನೂ ಬಂದಿರುವುದಿಲ್ಲ, ಆದ್ದರಿಂದ 'ಎ ಚೈಲ್ಡ್ ಹೂ' ಅಂದರೆ ಕಿವಿಗೆ ಒರಟಾಗುತ್ತದೆ ಅಂತ. ಇವತ್ತು ಅದೇ ಮಾತು ಓದಿದರೆ ನಮಗೇ ಒರಟು ಅನಿಸುತ್ತದೆ. ಮರ್ರೆಯ ನಿಯಮ ಹೋಯಿತು, ಮಗುವಿಗೆ ಹೂ ಬಂತು. ಅದು ಒಳ್ಳೆಯದೇ ಆಯಿತು ಅಂತ ನಾನು ಮನಸಾರೆ ನಂಬುತ್ತೇನೆ.

ಜನ ಎಂಬ ಪದವೂ ಹೀಗೇ. ಜನ ಸೇರಿತ್ತು, ಜನ ಸೇರಿದ್ದರು, ಕನ್ನಡದಲ್ಲಿ ಎರಡೂ ನಡೆಯುತ್ತವೆ. ಇಂಗ್ಲಿಷಿನ 'ಪೀಪಲ್' ವಿಚ್ ಒಪ್ಪುವುದಿಲ್ಲ, ಹೂ ಬೇಡುತ್ತದೆ. ಪುಣೆ, ಮುಂಬೈಗೆ ದುಡಿಯಲು ಹೋಗುವ ನಮ್ಮ ಜನರ ಬಗ್ಗೆ ಒಂದು ವರದಿ ಬರೆಯುವಾಗ 'ಲೇಬರರ್ಸ್ ವಿಚ್ ಮೈಗ್ರೇಟ್' ಅಂತ ಬರೆದರೆ ಓದುವವರ ಕಣ್ಣಿಗೆ ಅವರು ಸಾಮಾನು ಸರಂಜಾಮಿನ ಸಾಲಿಗೆ ಸೇರಿಹೋಗುತ್ತಾರೆ. ಬರೆದವರಿಗೆ ಆ ಉದ್ದೇಶ ಇರುವುದಿಲ್ಲ. ಆದರೂ ಓದಿದವರಿಗೆ ಹಾಗೇ ತಗಲುತ್ತದೆ. ಅಂಕಕ್ಕಿಂತ ಜಾಸ್ತಿ ಈ ಕಾರಣಕ್ಕೆ ಈ ಪಾಠ ನನಗೆ ಮುಖ್ಯ.

ಸೂರ್ಯ, ಚಂದ್ರರ ಕಥೆ ಉಲ್ಟಾ. ಕನ್ನಡದಲ್ಲಿ ಸೂರ್ಯ ಹುಟ್ಟಿದನು, ಚಂದ್ರ ಮೂಡಿದನು. ಹಾಗಾಗಿ 'ದಿ ಸನ್ ಹೂ ಗಿವ್ಸ್ ಅಸ್ ಲೈಟ್' ಅಂತ ಬರೆಯುವ ಮಕ್ಕಳಿದ್ದಾರೆ. ಅದರಲ್ಲಿ ಒಂದು ಸೊಗಸಿದೆ, ಪದ್ಯದಲ್ಲಾದರೆ ನಡೆದೀತು. ಗದ್ಯದಲ್ಲಿ ವಿಚ್. ನದಿಗೂ ಅಷ್ಟೇ. ಭೀಮೆ ನಮಗೆ ತಾಯಿ, ಇಂಗ್ಲಿಷಿನಲ್ಲಿ 'ದಿ ಭೀಮಾ, ವಿಚ್ ಜಾಯಿನ್ಸ್ ದಿ ಕೃಷ್ಣಾ'.

ಎತ್ತುಗಳ ವಿಷಯ ಇನ್ನೂ ಕುತೂಹಲದ್ದು. ಕಾರಹುಣ್ಣಿಮೆಗೆ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಪೂಜೆ ಮಾಡುತ್ತೇವೆ. ಆದರೂ ಎತ್ತು 'ಬಂತು' ಅಂತಲೇ ಹೇಳುತ್ತೇವೆ, 'ಬಂದನು' ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಪ್ರಾಣಿಗೆ ವಿಚ್ ಅಥವಾ ದ್ಯಾಟ್. ಆದರೆ ಪ್ರಾಣಿಗೆ ಹೆಸರಿದ್ದರೆ, ಬರೆಯುವವರಿಗೆ ಅದರ ಮೇಲೆ ಅಕ್ಕರೆ ಇದ್ದರೆ, ಹೂ ಬರೆಯಬಹುದು. 'ಬಸವ, ಹೂ ಪುಲ್ಡ್ ಅವರ್ ಕಾರ್ಟ್ ಫಾರ್ ಇಯರ್ಸ್' ಅಂತ ರೈತನ ಮಗ ಬರೆದರೆ ಅದನ್ನು ತಪ್ಪು ಅಂತ ಹೊಡೆದುಹಾಕಬೇಡಿ. ಅದು ಒಪ್ಪಿತವಾದ ಇಂಗ್ಲಿಷ್.

ಗುಂಪು, ಸಂಸ್ಥೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಂಕು, ಕಂಪನಿ, ಸರಕಾರ, ಸಾರಿಗೆ ನಿಗಮ, ಇವಕ್ಕೆಲ್ಲ ವಿಚ್ ಬರೆದರೆ ಸಾಕು. 'ಪೊಲೀಸ್' ಮಾತ್ರ ಬಹುವಚನದ ಮನುಷ್ಯರು, 'ದಿ ಪೊಲೀಸ್ ಹೂ ಕೇಮ್'.

ದ್ಯಾಟ್ ಕಡೆಗೆ ಬರೋಣ. ನಮ್ಮಲ್ಲಿ ಅನೇಕರಿಗೆ ದ್ಯಾಟ್ ಅಂದರೆ ಸೋಮಾರಿ ದಾರಿ, ಹೂ ಗೊತ್ತಿಲ್ಲದವರು ಬಳಸುವ ಪದ ಎಂಬ ಭಾವನೆ ಇದೆ. ಇತಿಹಾಸ ನೋಡಿದರೆ ಕೊಂಡಿಗಳಲ್ಲಿ ಹಿರಿಯಣ್ಣ ಅದೇ. ಹೂ ಮತ್ತು ವಿಚ್ ಮೊದಲು ಬರೀ ಪ್ರಶ್ನೆಯ ಪದಗಳಾಗಿದ್ದವು, ಕೊಂಡಿಯ ಕೆಲಸಕ್ಕೆ ಆಮೇಲೆ ಬಂದವು. ವಿಚ್ ಒಂದು ಕಾಲದಲ್ಲಿ ಮನುಷ್ಯರಿಗೂ ದೇವರಿಗೂ ನಡೆಯುತ್ತಿತ್ತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಯೇಸು ಕಲಿಸಿದ ಪ್ರಾರ್ಥನೆ ಶುರುವಾಗುವುದೇ 'ಅವರ್ ಫಾದರ್ ವಿಚ್ ಆರ್ಟ್ ಇನ್ ಹೆವನ್' ಅಂತ. ಇವತ್ತು ಇಂಗ್ಲಿಷಿನಲ್ಲಿ ಪ್ರಾರ್ಥಿಸುವ ಹೆಚ್ಚಿನವರ ಬಾಯಲ್ಲಿ ಅದು 'ಹೂ ಆರ್ಟ್' ಆಗಿದೆ. ನಡುವೆ, 1711ರ ಮೇ 30ರಂದು, ಲಂಡನ್ನಿನ ಸ್ಪೆಕ್ಟೇಟರ್ ಪತ್ರಿಕೆಯಲ್ಲಿ ರಿಚರ್ಡ್ ಸ್ಟೀಲ್ ಒಂದು ಮನವಿಪತ್ರ ಛಾಪಿಸಿದ. ಅರ್ಜಿದಾರರು ಹೂ ಮತ್ತು ವಿಚ್. ದೂರು ಯಾರ ಮೇಲೆ? ದ್ಯಾಟ್ ಮೇಲೆ. ಅದು ತಮ್ಮ ಜಾಗ ಕಸಿದುಕೊಂಡಿದೆ, ತಮಗೆ ಮರ್ಯಾದೆ ಇಲ್ಲವಾಗಿದೆ ಅಂತ. ಪ್ರಾರ್ಥನೆಯಲ್ಲಿ ವಿಚ್ ಬದಲು ಹೂ ಇರಬೇಕಿತ್ತು ಎಂಬ ಮಾತೂ ಆ ಅರ್ಜಿಯಲ್ಲಿದೆ. ಓದಲು ಬಹಳ ಚೆನ್ನಾಗಿದೆ. ಆದರೆ ಮೊದಲಿನಿಂದ ಇದ್ದದ್ದು ದ್ಯಾಟ್, ಆಮೇಲೆ ಬಂದವರು ಅರ್ಜಿದಾರರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, 'ದಿ ಮ್ಯಾನ್ ದ್ಯಾಟ್ ಕೇಮ್' ತಪ್ಪು ಅಂತ ಮಕ್ಕಳಿಗೆ ಹೇಳಬೇಡಿ. ತಪ್ಪಲ್ಲ. ಕೆಲವು ಕಡೆ ದ್ಯಾಟ್ ಬಿಟ್ಟರೆ ಗತಿಯೇ ಇಲ್ಲ. ಮನುಷ್ಯರೂ ಎತ್ತುಗಳೂ ಒಟ್ಟಿಗೆ ಹೊಳೆ ದಾಟಿದರೆ ಹೂ ಬರೆಯುವುದೋ ವಿಚ್ ಬರೆಯುವುದೋ? 'ದಿ ಫಾರ್ಮರ್ಸ್ ಆ್ಯಂಡ್ ದಿ ಬುಲಕ್ಸ್ ದ್ಯಾಟ್ ಕ್ರಾಸ್ಡ್ ದಿ ರಿವರ್.' ಆಲ್, ಎವ್ರಿಥಿಂಗ್, ಓನ್ಲಿ, ಬೆಸ್ಟ್ ಇಂಥ ಪದಗಳಾದ ಮೇಲೆ ವಸ್ತುವಿಗೆ ದ್ಯಾಟ್ ಬರುವುದೇ ವಾಡಿಕೆ. ಇನ್, ಟು, ಫ್ರಮ್ ಇವುಗಳ ಬೆನ್ನಿಗೆ ಮಾತ್ರ ದ್ಯಾಟ್ ಬರುವುದಿಲ್ಲ, 'ಇನ್ ವಿಚ್' ಅನ್ನಬೇಕು. ಕಾಮಾ ಆದ ಮೇಲೂ ಬರುವುದಿಲ್ಲ.

ಈ ಕಾಮಾ ವಿಷಯಕ್ಕೇ ನಾನು ಹೆಚ್ಚು ಹೊತ್ತು ಇಟ್ಟುಕೊಂಡಿದ್ದೇನೆ. ಹೂ ಮತ್ತು ವಿಚ್ ಅದಲು ಬದಲಾದರೆ ಓದುವವರು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಾರೆ. ಕಾಮಾ ತಪ್ಪಿದರೆ ಅರ್ಥವೇ ಬೇರೆಯಾಗುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ.

ತೊಗರಿ ಬೆಳೆಗೆ ನೆಟೆ ರೋಗ ಬಂದ ವರ್ಷ ಅಂದುಕೊಳ್ಳಿ. 'ದಿ ಫಾರ್ಮರ್ಸ್ ಹೂ ಹ್ಯಾಡ್ ಇನ್ಶೂರೆನ್ಸ್ ಗಾಟ್ ಕಾಂಪೆನ್ಸೇಷನ್.' ಕಾಮಾ ಇಲ್ಲ. ವಿಮೆ ಮಾಡಿಸಿದ ರೈತರಿಗೆ ಪರಿಹಾರ ಬಂತು. ಮಾಡಿಸದವರೂ ಇದ್ದರು, ಅವರಿಗೆ ಬರಲಿಲ್ಲ. ಈಗ ಹೂ ಮುಂಚೆ ಒಂದು, ಇನ್ಶೂರೆನ್ಸ್ ಆದ ಮೇಲೆ ಒಂದು ಕಾಮಾ ಹಾಕಿ. ಅರ್ಥ ಹೀಗಾಗುತ್ತದೆ: ರೈತರಿಗೆ ಪರಿಹಾರ ಬಂತು, ಅವರೆಲ್ಲ ವಿಮೆ ಮಾಡಿಸಿದ್ದರು. ಒಬ್ಬರೂ ಬಿಟ್ಟುಹೋಗಿಲ್ಲ. ಎರಡು ಕಾಮಾಗಳಿಂದ ವಿಮೆ ಇಲ್ಲದ ರೈತರು ಕಾಗದದ ಮೇಲಿಂದ ಮಾಯ.

ನಮ್ಮೆಲ್ಲರಿಗೂ ಹತ್ತಿರದ ಉದಾಹರಣೆ ಇನ್ನೊಂದಿದೆ. ಇಲ್ಲಿ ಕೂತ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸೀಟಿಗಾಗಿ, ನೌಕರಿಗಾಗಿ 371ಜೆ ಪ್ರಮಾಣಪತ್ರ ಮಾಡಿಸಿದವರು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ, ನಮ್ಮ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ಮೀಸಲಾತಿ ಕೊಡುವ ಆ ವಿಧಿಯ ಇಂಗ್ಲಿಷ್ ಪಾಠವನ್ನು ಎಷ್ಟು ಜನ ಓದಿದ್ದೀರಿ? ಓದಿ. ಸೀಟುಗಳ ಮೀಸಲಾತಿ ಯಾರಿಗೆ ಅಂತ ಹೇಳುವಲ್ಲಿ ಹೀಗಿದೆ: 'ಸ್ಟೂಡೆಂಟ್ಸ್ ಹೂ ಬಿಲಾಂಗ್ ಟು ದ್ಯಾಟ್ ರೀಜನ್ ಬೈ ಬರ್ತ್ ಆರ್ ಬೈ ಡೊಮಿಸೈಲ್'. ಹುಟ್ಟಿನಿಂದಲೋ ವಾಸದಿಂದಲೋ ಆ ಪ್ರದೇಶಕ್ಕೆ ಸೇರಿದ ವಿದ್ಯಾರ್ಥಿಗಳು. ನೌಕರಿಯ ಭಾಗದಲ್ಲೂ 'ಪರ್ಸನ್ಸ್ ಹೂ ಬಿಲಾಂಗ್' ಅಂತಲೇ ಇದೆ. ಇಲ್ಲಿರುವ 'ದ್ಯಾಟ್' ಕೊಂಡಿಯಲ್ಲ, 'ಆ' ಎಂಬ ಅರ್ಥದ್ದು, ಅದನ್ನು ಬಿಡಿ. ಹೂ ನೋಡಿ. ಅದಕ್ಕಿಂತ ಮುಂಚೆ ಕಾಮಾ ಇಲ್ಲ. ಕಾಮಾ ಇಲ್ಲದ್ದರಿಂದಲೇ ಅದು ಆರಿಸುವ ಕೆಲಸ ಮಾಡುತ್ತದೆ: ಎಲ್ಲ ವಿದ್ಯಾರ್ಥಿಗಳಲ್ಲ, ಈ ಪ್ರದೇಶಕ್ಕೆ ಸೇರಿದವರು ಮಾತ್ರ. ಅಲ್ಲಿ ಒಂದು ಕಾಮಾ ಹಾಕಿದ್ದರೆ ಆ ಭಾಗ ಸುಮ್ನೆ ಪಕ್ಕದ ಮಾಹಿತಿಯಾಗುತ್ತಿತ್ತು, ಯಾರನ್ನೂ ಆರಿಸುತ್ತಿರಲಿಲ್ಲ. ಹೈದರಾಬಾದ್ ಕರ್ನಾಟಕ ಎಂದಿದ್ದ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ನಮ್ಮ ಭಾಗದ ಸಾವಿರಾರು ಮಕ್ಕಳ ಸೀಟು ನಿಂತಿರುವುದು ಕಾಮಾ ಇಲ್ಲದ ಆ ಹೂ ಮೇಲೆ. ವ್ಯಾಕರಣ ಬರೀ ಪರೀಕ್ಷೆಗೆ ಅನ್ನುವವರಿಗೆ ನಾನು ಈ ಸಾಲನ್ನೇ ತೋರಿಸುತ್ತೇನೆ.

ಕನ್ನಡದ 'ಸೇರಿದ', 'ಮಾಡಿಸಿದ' ರೂಪದಲ್ಲಿ ಈ ವ್ಯತ್ಯಾಸ ಹೊರಗೆ ಕಾಣುವುದಿಲ್ಲ. 'ಪುಣೆಯಲ್ಲಿರುವ ನನ್ನ ಅಣ್ಣ' ಅಂದರೆ ಒಬ್ಬನೇ ಅಣ್ಣನೋ, ಇಬ್ಬರಲ್ಲಿ ಒಬ್ಬನೋ? ಕೇಳಿದವರಿಗೆ ಮೊದಲೇ ಗೊತ್ತಿದ್ದರೆ ಸರಿ. ಇಂಗ್ಲಿಷ್ ಇದನ್ನು ಕಾಮಾ ಹಾಕಿ ಹೇಳಲೇಬೇಕು ಅನ್ನುತ್ತದೆ. ಒಬ್ಬನೇ ಅಣ್ಣ ಇದ್ದರೆ ಕಾಮಾ, ಹಲವರಲ್ಲಿ ಒಬ್ಬನಾದರೆ ಕಾಮಾ ಇಲ್ಲ. ಗುರುತಿಸಲು ಹೆಸರೇ ಸಾಕಾಗುವ ಕಡೆಯೂ ಕಾಮಾ ಬೇಕು. 'ಬಂದೇ ನವಾಜ್, ಹೂ ಡೈಡ್ ಇನ್ 1422'. 'ಮಳಖೇಡ, ವಿಚ್ ವಾಸ್ ದಿ ರಾಷ್ಟ್ರಕೂಟ ಕ್ಯಾಪಿಟಲ್'. ಸೂಫಿ ಸಂತ ಬಂದೇ ನವಾಜರು ಒಬ್ಬರೇ, ರಾಷ್ಟ್ರಕೂಟರ ಮಳಖೇಡವೂ ಒಂದೇ, ಆರಿಸುವ ಪ್ರಶ್ನೆಯೇ ಇಲ್ಲ. ಪೂರ್ತಿ ತಿರುಗಿಸಿ ನೋಡಿದರೆ, ಎವ್ರಿ, ಎನಿ, ನೋ ಎಂಬ ಪದಗಳಾದ ಮೇಲೆ ಬರುವ ಹೂಗೆ ಕಾಮಾ ಹಾಕುವಂತೆಯೇ ಇಲ್ಲ.

ಕಾಮಾ ಇಲ್ಲದ ಕಡೆ ವಸ್ತುವಿಗೆ ವಿಚ್ ಬೇಕೋ ದ್ಯಾಟ್ ಬೇಕೋ ಎಂಬ ಜಗಳ ಒಂದಿದೆ. ಇಂಗ್ಲೆಂಡಿನ ಫೌಲರ್ 1926ರಲ್ಲಿ ಬಂದ ತನ್ನ ಬಳಕೆಯ ನಿಘಂಟಿನಲ್ಲಿ, ಆರಿಸುವ ಕಡೆ ದ್ಯಾಟ್, ಪಕ್ಕದ ಮಾಹಿತಿಗೆ ವಿಚ್ ಅಂತ ಹಂಚಿಕೊಂಡರೆ ಅನುಕೂಲ ಅಂತ ಸಲಹೆ ಕೊಟ್ಟ. ಅವನ ಊರಿನವರು ಅದನ್ನು ಅಷ್ಟಾಗಿ ಪಾಲಿಸಲಿಲ್ಲ. ಅಮೆರಿಕದ ಸಂಪಾದಕರು ನಿಯಮವನ್ನೇ ಮಾಡಿಕೊಂಡರು. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಸರಿಯಾಗೇ ಇರುವ ವಿಚ್ ಕೆಳಗೆ ಗೆರೆ ಬೀಳುತ್ತದಲ್ಲ, ಅದು ಆ ಅಮೆರಿಕನ್ ನಿಯಮ. ಹೆದರಬೇಡಿ. ನಮ್ಮ ದೇಶದಲ್ಲಿ ಎರಡೂ ನಡೆಯುತ್ತವೆ. ನಾನಾದರೆ ಆರಿ‌ಸುವ ಕಡೆ ದ್ಯಾಟ್ ಬರೆಯುತ್ತೇನೆ, ಓದುವವರಿಗೆ ಗೊಂದಲ ಕಡಿಮೆ.

ಹೂಮ್ ಬಗ್ಗೆ ನಾಲ್ಕೇ ಮಾತು. ಕನ್ನಡದ ವಿಭಕ್ತಿ ಗೊತ್ತಿರುವವರಿಗೆ ಇದು ಕಷ್ಟವೇ ಅಲ್ಲ. ಯಾರು ಅಂದರೆ ಹೂ. ಯಾರನ್ನು, ಯಾರಿಗೆ ಅಂದರೆ ಹೂಮ್. ಸುರಪುರದ ಇತಿಹಾಸದಿಂದ ಒಂದು ಉದಾಹರಣೆ: 'ವೆಂಕಟಪ್ಪ ನಾಯಕ, ಹೂಮ್ ಮೆಡೋಸ್ ಟೇಲರ್ ಬ್ರಾಟ್ ಅಪ್, ರೋಸ್ ಅಗೇನ್ಸ್ಟ್ ದಿ ಬ್ರಿಟಿಷ್.' ಬ್ರಿಟಿಷ್ ಅಧಿಕಾರಿ ಟೇಲರ್ ಯಾರನ್ನು ಬೆಳೆಸಿದ? ನಾಯಕನನ್ನು. ಆದ್ದರಿಂದ ಹೂಮ್. ಮಾತಿನಲ್ಲಿ ಇಂಗ್ಲಿಷರೇ ಇದನ್ನು ಬಹುಪಾಲು ಬಿಟ್ಟಿದ್ದಾರೆ, ಪರೀಕ್ಷೆಯವರು ಬಿಟ್ಟಿಲ್ಲ. ಪರೀಕ್ಷೆಯ ಒಂದು ಬಲೆ ಮಾತ್ರ ನೆನಪಿಡಿ: 'ದಿ ಬಾಯ್ ... ದೇ ಸೇ ವನ್ ದಿ ರೇಸ್.' ನಡುವೆ 'ದೇ ಸೇ' ನೋಡಿ ಹೂಮ್ ಅಂತ ಗುರುತು ಹಾಕುತ್ತಾರೆ. ಗೆದ್ದದ್ದು ಯಾರು ಅಂತ ಕೇಳಿಕೊಳ್ಳಿ, ಹೂ.

ಹೂಜ್ ಮನುಷ್ಯರಿಗೆ ಮಾತ್ರ ಅಂತ ಕೆಲವು ಗೈಡುಗಳು ಬರೆಯುತ್ತವೆ. ಅದು ಸರಿಯಲ್ಲ. ವಸ್ತುವಿಗೂ ಹೂಜ್ ಶತಮಾನಗಳಿಂದ ನಡೆದುಬಂದಿದೆ, ಫೌಲರ್ ಕೂಡ ಅದನ್ನು ನಿಷೇಧಿಸುವವರ ವಿರುದ್ಧ ಗಟ್ಟಿಯಾಗಿ ಬರೆದಿದ್ದಾನೆ. ಬೀದರಿನ ಮಹಮೂದ್ ಗವಾನ್ ಮದ್ರಸಾದ ಒಂದು ಮಿನಾರು ಉಳಿದಿದೆ, ಇನ್ನೊಂದು ಬಿದ್ದುಹೋಗಿದೆ. 'ದಿ ಮದ್ರಸಾ ಹೂಜ್ ಮಿನಾರ್ ಸ್ಟಿಲ್ ಸ್ಟ್ಯಾಂಡ್ಸ್' ಅಂದರೆ ನೇರವಾಗಿದೆ. 'ದಿ ಮಿನಾರ್ ಆಫ್ ವಿಚ್' ಅಂತ ಸುತ್ತಿಕೊಂಡು ಬರುವುದು ಯಾಕೆ? ಹೂಜ್ ಚೆನ್ನಾಗಿ ಕೆಲಸ ಮಾಡುವುದನ್ನು ನೋಡಬೇಕಾದರೆ ಸಂವಿಧಾನದ 5ನೇ ವಿಧಿ ಓದಿ. ಸಂವಿಧಾನ ಜಾರಿಗೆ ಬಂದಾಗ ಯಾರು ಭಾರತದ ನಾಗರಿಕರು ಅಂತ ಹೇಳುವಲ್ಲಿ 'ಎವ್ರಿ ಪರ್ಸನ್ ಹೂ' ಅಂತ ಶುರುವಾಗಿ, 'ಈದರ್ ಆಫ್ ಹೂಜ್ ಪೇರೆಂಟ್ಸ್' ಅಂತ ಬರುತ್ತದೆ. ಇಲ್ಲೇ ನೆಲೆಸಿದವರಿಗೆ ತಂದೆತಾಯಿಯರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ್ದರೂ ಸಾಕಿತ್ತು ಎಂಬುದನ್ನು ಎಷ್ಟು ಚಿಕ್ಕದಾಗಿ ಹೇಳಿದೆ ನೋಡಿ.

ನನ್ನ ಮಾತು ಇಲ್ಲಿಗೆ ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಅರ್ಜಿಯಲ್ಲಿ ಮನುಷ್ಯರಿಗೆ ದ್ಯಾಟ್ ಬರೆದರೆ ನಡೆಯುತ್ತಾ ಅಂತ ಒಬ್ಬರು ಶಿಕ್ಷಕಿ ಕೇಳಿದರು. ವ್ಯಾಕರಣ ಒಪ್ಪುತ್ತದೆ ಮೇಡಂ. ಆದರೆ ಅರ್ಜಿ, ವರದಿ, ಪರೀಕ್ಷೆಯಲ್ಲಿ ಹೂ ಬರೆಸಿ. ಓದುವ ಅಧಿಕಾರಿಗೆ ದ್ಯಾಟ್‌ನ ಇತಿಹಾಸ ಗೊತ್ತಿರಬೇಕು ಅಂತೇನಿಲ್ಲ.

ಕೊಂಡಿಯೇ ಇಲ್ಲದ ವಾಕ್ಯ ಪತ್ರಿಕೆಯಲ್ಲಿ ಕಾಣುತ್ತದಲ್ಲ ಸರ್, 'ದಿ ಬಸ್ ಐ ಮಿಸ್ಡ್' ಅಂತ, ಅದು ಹೇಗೆ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಬಸ್ಸನ್ನು ತಪ್ಪಿಸಿಕೊಂಡದ್ದು ನೀನು. ಕೊಂಡಿ ಇರಬೇಕಾದ ಜಾಗ 'ಅದನ್ನು' ಎಂಬುದರದ್ದು. ಅಂಥ ಕಡೆ ಕೊಂಡಿ ಬಿಡಬಹುದು. 'ದಿ ಬಸ್ ದ್ಯಾಟ್ ಗೋಸ್ ಟು ಆಳಂದ' ಎಂಬಲ್ಲಿ ಹೋಗುವುದು ಬಸ್ಸೇ, ಅಲ್ಲಿ ಬಿಡುವಂತಿಲ್ಲ. ಕಾಮಾ ಇದ್ದರೂ ಬಿಡುವಂತಿಲ್ಲ.

ಕೊನೆಯ ಪ್ರಶ್ನೆ ನೌಕರಿ ಪರೀಕ್ಷೆಗೆ ಓದುತ್ತಿರುವ ಹುಡುಗಿಯದು. 'ಶಿ ಈಸ್ ಒನ್ ಆಫ್ ದಿ ಸ್ಟೂಡೆಂಟ್ಸ್ ಹೂ' ಆದ ಮೇಲೆ ಹ್ಯಾಸ್ ಬರೆಯಬೇಕೋ ಹ್ಯಾವ್ ಬರೆಯಬೇಕೋ? ಕನ್ನಡದಲ್ಲಿ ಹೇಳಿ ನೋಡಮ್ಮ ಅಂದೆ. 'ಪಾಸಾದ ವಿದ್ಯಾರ್ಥಿಗಳಲ್ಲಿ ಅವಳೂ ಒಬ್ಬಳು' ಅಂದಳು. ಪಾಸಾದ ಎಂಬುದು ಯಾರಿಗೆ ಅಂಟಿಕೊಂಡಿದೆ? ವಿದ್ಯಾರ್ಥಿಗಳಿಗೆ. ಬಹುವಚನ, ಆದ್ದರಿಂದ 'ಹೂ ಹ್ಯಾವ್ ಪಾಸ್ಡ್'. ಈಗ 'ದಿ ಓನ್ಲಿ ಒನ್ ಆಫ್ ದಿ ಸ್ಟೂಡೆಂಟ್ಸ್' ಅಂತ ಇದ್ದರೆ? 'ವಿದ್ಯಾರ್ಥಿಗಳಲ್ಲಿ ಪಾಸಾದವಳು ಅವಳೊಬ್ಬಳೇ.' ಪಾಸಾದದ್ದು ಅವಳು, ಏಕವಚನ, 'ಹೂ ಹ್ಯಾಸ್ ಪಾಸ್ಡ್'. ಪ್ರಶ್ನೆಪತ್ರಿಕೆಯಲ್ಲಿ ಈ ಎರಡರಲ್ಲಿ ಒಂದು ಬಂದರೆ ಮೊದಲು 'ಓನ್ಲಿ' ಇದೆಯಾ ನೋಡಿ. ಇದ್ದರೆ ಹ್ಯಾಸ್, ಇಲ್ಲದಿದ್ದರೆ ಹ್ಯಾವ್ ಗುರುತು ಹಾಕಿ.